ಸಸ್ಯಜನ್ಯ ಕೂಮರಿನ್ ಸಂಯುಕ್ತಗಳು

ಕೂಮರಿನ್ ಸಂಯುಕ್ತಗಳು ಸಸ್ಯಗಳಲ್ಲಿ ದ್ವಿತೀಯಕ ಚಯಾಪಚಯದಿಂದ ಉಂಟಾಗುವ ಸಾವಯವ ವಸ್ತುಗಳ ಒಂದು ದೊಡ್ಡ ವರ್ಗ. ಬೆಂಜೀನ್ ಉಂಗುರಕ್ಕೆ ಆಲ್ಫಾ-ಪೈರೋನ್ ಎಂಬ ಲ್ಯಾಕ್ಟೋನ್ ಉಂಗುರವು ಬೆಸೆದುಕೊಂಡಿರುವ ರಚನೆಯೇ ಈ ವರ್ಗದ ಗುರುತು. ಇದುವರೆಗೆ 1,300ಕ್ಕೂ ಹೆಚ್ಚು ನೈಸರ್ಗಿಕ ಕೂಮರಿನ್‌ಗಳನ್ನು ಗುರುತಿಸಲಾಗಿದೆ. ಬಿಲ್ವ, ನಿಂಬೆ, ಅತ್ತಿ, ಬಾವಂಚಿ, ಗರುಗ, ವಿಷ್ಣುಕ್ರಾಂತಿ ಮುಂತಾದ ಪರಿಚಿತ ಸಸ್ಯಗಳಲ್ಲಿ ಇವು ಅಥವಾ ಇವುಗಳ ಹತ್ತಿರದ ಸಂಬಂಧಿ ವಸ್ತುಗಳು ಕಂಡುಬರುತ್ತವೆ. ಉರಿಯೂತವನ್ನು ತಗ್ಗಿಸುವ ಮತ್ತು ಉತ್ಕರ್ಷಣವನ್ನು ತಡೆಯುವ ಗುಣಗಳಿಗಾಗಿ ಈ ವರ್ಗವು ಔಷಧ ರಸಾಯನಶಾಸ್ತ್ರದಲ್ಲಿ ವ್ಯಾಪಕವಾಗಿ ಅಧ್ಯಯನಕ್ಕೆ ಒಳಗಾಗಿದೆ. ಆದರೆ ಇದೇ ವರ್ಗದ ಕೆಲವು ಸದಸ್ಯರು ಯಕೃತ್ತಿಗೆ ಹಾನಿ ಮಾಡುತ್ತವೆ, ಕೆಲವು ಬಿಸಿಲಿನಲ್ಲಿ ಚರ್ಮವನ್ನು ಸುಡುತ್ತವೆ, ಇನ್ನು ಕೆಲವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಆದ್ದರಿಂದ ‘ಕೂಮರಿನ್’ ಎಂಬ ಹೆಸರಿನ ಮೇಲಷ್ಟೇ ಗುಣವನ್ನಾಗಲಿ ದೋಷವನ್ನಾಗಲಿ ನಿರ್ಧರಿಸುವುದು ಸರಿಯಲ್ಲ.

ಹೆಸರು ಮತ್ತು ಇತಿಹಾಸ

ದಕ್ಷಿಣ ಅಮೆರಿಕದ ಟೊಂಕಾ ಮರದ ಸ್ಥಳೀಯ ಹೆಸರಿನಿಂದ ಬಂದ ‘ಕೂಮರೂ’ ಎಂಬ ಫ್ರೆಂಚ್ ಪದವೇ ಈ ಹೆಸರಿನ ಮೂಲ. 1820ರಲ್ಲಿ ಮ್ಯೂನಿಕ್ಕಿನ ಫೋಗೆಲ್ ಟೊಂಕಾ ಬೀಜದಿಂದ ಈ ವಸ್ತುವನ್ನು ಬೇರ್ಪಡಿಸಿ, ಅದನ್ನು ಬೆಂಜೋಯಿಕ್ ಆಮ್ಲವೆಂದು ತಪ್ಪಾಗಿ ಭಾವಿಸಿದ್ದರು. ಅದೇ ವರ್ಷ ಫ್ರಾನ್ಸಿನ ಗಿಬೂರ್ ಇದು ಬೇರೆಯೇ ವಸ್ತುವೆಂದು ಗುರುತಿಸಿ ಹೆಸರು ಕೊಟ್ಟರು. 1868ರಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಸ್ಯಾಲಿಸಿಲಾಲ್ಡಿಹೈಡ್ ಮತ್ತು ಅಸಿಟಿಕ್ ಅನ್‌ಹೈಡ್ರೈಡ್‌ಗಳಿಂದ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಹೊಸದಾಗಿ ಕೊಯ್ದ ಹುಲ್ಲು ಒಣಗುವಾಗ ಬರುವ ಸಿಹಿ ಪರಿಮಳ ಇದರದ್ದೇ. ಹೀಗಾಗಿ ಸುಗಂಧದ್ರವ್ಯದ ಉದ್ಯಮ ಇದನ್ನು ಬಹು ಬೇಗ ಅಪ್ಪಿಕೊಂಡಿತು.

1883ರಲ್ಲಿ ಫೋನ್ ಪೆಕ್‌ಮನ್ ಮತ್ತು ಡ್ಯೂಸ್‌ಬರ್ಗ್ ವಿವರಿಸಿದ ಸಂಘನನ ಕ್ರಿಯೆ ಇಂದಿಗೂ ಪದವಿ ಮತ್ತು ಸ್ನಾತಕೋತ್ತರ ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಗಳು ಮಾಡುವ ಪ್ರಯೋಗ. ರಿಸಾರ್ಸಿನಾಲ್ ಮತ್ತು ಈಥೈಲ್ ಅಸಿಟೋಅಸಿಟೇಟ್‌ಗಳನ್ನು ಗಂಧಕಾಮ್ಲದ ಸಮ್ಮುಖದಲ್ಲಿ ಬೆರೆಸಿದರೆ 7-ಹೈಡ್ರಾಕ್ಸಿ-4-ಮೀಥೈಲ್‌ಕೂಮರಿನ್ ದೊರೆಯುತ್ತದೆ. ಅತಿನೇರಳೆ ದೀಪದ ಕೆಳಗೆ ಅದು ನೀಲಿಯಾಗಿ ಹೊಳೆಯುವುದರಿಂದ ಫಲಿತಾಂಶ ಕಣ್ಣಿಗೇ ಕಾಣುತ್ತದೆ. ಭಾರತೀಯ ರಸಾಯನಶಾಸ್ತ್ರಜ್ಞರು ಈ ಕ್ಷೇತ್ರಕ್ಕೆ ಮೊದಲಿನಿಂದಲೂ ದೊಡ್ಡ ಕೊಡುಗೆ ನೀಡಿದ್ದಾರೆ. 1945ರಲ್ಲಿ ‘ಕೆಮಿಕಲ್ ರಿವ್ಯೂಸ್’ ಪತ್ರಿಕೆಯಲ್ಲಿ ಪ್ರಕಟವಾದ ಸುರೇಶ್ ಸೇಠ್ನಾ ಮತ್ತು ಎನ್.ಎಂ. ಶಾ ಅವರ ಸಮೀಕ್ಷಾ ಲೇಖನ ಬಹುಕಾಲ ಈ ವಿಷಯದ ಆಧಾರ ಗ್ರಂಥದಂತೆ ಬಳಕೆಯಲ್ಲಿತ್ತು. ಕರ್ನಾಟಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಎಂ.ವಿ. ಕುಲಕರ್ಣಿ ಮತ್ತು ಅವರ ಸಂಗಡಿಗರು ಕೂಮರಿನ್ ಜನ್ಯಗಳ ತಯಾರಿಕೆ ಹಾಗೂ ಜೈವಿಕ ಗುಣಗಳ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ.

ರಚನೆ ಮತ್ತು ವಿಧಗಳು

ಮೂಲ ಕೂಮರಿನ್ ಅಣುವಿನಲ್ಲಿ 9 ಇಂಗಾಲ, 6 ಜಲಜನಕ ಮತ್ತು 2 ಆಮ್ಲಜನಕ ಪರಮಾಣುಗಳಿವೆ. ಅಣುತೂಕ ಸುಮಾರು 146. ಇದು ಬಣ್ಣವಿಲ್ಲದ ಹರಳಾಗಿದ್ದು ಸುಮಾರು 71 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಈ ಚೌಕಟ್ಟಿನ ಯಾವ ಸ್ಥಾನದಲ್ಲಿ ಯಾವ ಗುಂಪು ಸೇರಿಕೊಂಡಿದೆ ಎಂಬುದರ ಮೇಲೆ ಉಳಿದೆಲ್ಲ ಗುಣಗಳೂ ನಿಂತಿವೆ.

ಅಂಬೆಲಿಫೆರೋನ್, ಎಸ್ಕ್ಯುಲೆಟಿನ್, ಸ್ಕೋಪೊಲೆಟಿನ್, ಡಾಫ್ನೆಟಿನ್ ಮೊದಲಾದವು ಸರಳ ಕೂಮರಿನ್‌ಗಳು. ಚೌಕಟ್ಟಿಗೆ ಐದು ಪರಮಾಣುಗಳ ಫ್ಯುರಾನ್ ಉಂಗುರ ಸೇರಿದರೆ ಫ್ಯುರನೋಕೂಮರಿನ್‌ಗಳಾಗುತ್ತವೆ. ಸೋರಾಲೆನ್, ಬರ್ಗಾಪ್ಟೆನ್ ಮತ್ತು ಇಂಪೆರಟೋರಿನ್ ಇದಕ್ಕೆ ಉದಾಹರಣೆ. ಆರು ಪರಮಾಣುಗಳ ಪೈರಾನ್ ಉಂಗುರ ಸೇರಿದವು ಪೈರನೋಕೂಮರಿನ್‌ಗಳು. ಕರಾವಳಿಯ ಸುರಹೊನ್ನೆಯ ಇನೋಫಿಲಮ್‌ಗಳು ಈ ಗುಂಪಿಗೆ ಸೇರುತ್ತವೆ. ಗರುಗದ ಸೊಪ್ಪಿನ ವೆಡೆಲೋಲ್ಯಾಕ್ಟೋನ್ ಕೂಮೆಸ್ಟಾನ್ ಎಂಬ ಉಪವರ್ಗದ್ದು. 4ನೆಯ ಸ್ಥಾನದಲ್ಲಿ ಹೈಡ್ರಾಕ್ಸಿಲ್ ಗುಂಪಿರುವ ಡೈಕೂಮರಾಲ್‌ನಂಥವುಗಳನ್ನು ಪ್ರತ್ಯೇಕವಾಗಿ ಪರಿಗಣಿಸಬೇಕು. ಸಾಮಾನ್ಯ ಓದುಗರಲ್ಲಿ ಹೆಚ್ಚು ಗೊಂದಲ ಉಂಟುಮಾಡಿರುವುದು ಇವೇ.

ಸಸ್ಯದಲ್ಲಿ ಇವುಗಳ ತಯಾರಿ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದಿಂದ ಆರಂಭವಾಗುತ್ತದೆ. ಅದು ಸಿನಮಿಕ್ ಆಮ್ಲವಾಗಿ, ಪಕ್ಕದ ಸ್ಥಾನದಲ್ಲಿ ಹೈಡ್ರಾಕ್ಸಿಲ್ ಗುಂಪನ್ನು ಪಡೆದು, ಬಾಗಿ, ತನ್ನ ಬಾಲವನ್ನೇ ಕಚ್ಚಿದಂತೆ ಉಂಗುರ ಕಟ್ಟಿಕೊಳ್ಳುತ್ತದೆ. ಗಿಡಕ್ಕೆ ಇದು ರಕ್ಷಣೆಯ ಸಾಧನ. ಶಿಲೀಂಧ್ರ ತಗುಲಿದಾಗ ಸೂರ್ಯಕಾಂತಿಯ ಗಿಡ ಸ್ಕೋಪೊಲೆಟಿನ್ ಮತ್ತು ಆಯಪಿನ್‌ಗಳನ್ನು ಉತ್ಪಾದಿಸುವುದು ಚೆನ್ನಾಗಿ ಅಧ್ಯಯನವಾಗಿರುವ ಉದಾಹರಣೆ.

ಬಾವಂಚಿ ಮತ್ತು ಸೋರಾಲೆನ್

ದಖ್ಖನ್ನಿನ ಕಪ್ಪು ಮಣ್ಣಿನ ಬಯಲುಗಳಲ್ಲಿ ಹೊಲದ ಬದು ಹಾಗೂ ರಸ್ತೆಯ ಅಂಚಿನಲ್ಲಿ ಕಳೆಯಾಗಿ ಬೆಳೆಯುವ ಬಾವಂಚಿ ಗಿಡವನ್ನು ಸಂಸ್ಕೃತದಲ್ಲಿ ಬಾಕುಚಿ ಎನ್ನುತ್ತಾರೆ. ಇದರ ಸಸ್ಯಶಾಸ್ತ್ರೀಯ ಹೆಸರು ಸೋರಾಲಿಯ ಕೋರಿಲಿಫೋಲಿಯ. ಈಗಿನ ವರ್ಗೀಕರಣದಲ್ಲಿ ಕಲ್ಲೆನ್ ಕೋರಿಲಿಫೋಲಿಯಮ್. ಕಪ್ಪಗಿನ, ಒರಟಾದ, ವಿಶಿಷ್ಟ ವಾಸನೆಯ ಇದರ ಬೀಜವನ್ನು ಆಯುರ್ವೇದದಲ್ಲಿ ಶ್ವಿತ್ರ ಅಥವಾ ತೊನ್ನಿನ ಚಿಕಿತ್ಸೆಗೆ ಬಳಸುತ್ತ ಬರಲಾಗಿದೆ. ಔಷಧ ಹಚ್ಚಿ ಬಿಸಿಲಿಗೆ ಒಡ್ಡುವ ಕ್ರಮವೂ ಹಳೆಯದು.

ಈ ಬೀಜದ ಸಕ್ರಿಯ ಅಂಶವನ್ನು ಬೇರ್ಪಡಿಸಿದ ಕೀರ್ತಿ ಕರ್ನಾಟಕದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಬಿ.ಎಲ್. ಮಂಜುನಾಥ್ ಅವರು ಎಚ್.ಎಸ್. ಜೋಯಿಸ್ ಮತ್ತು ಎಸ್. ವೆಂಕಟರಾವ್ ಅವರೊಂದಿಗೆ ಬಾವಂಚಿ ಬೀಜದ ರಾಸಾಯನಿಕ ಪರೀಕ್ಷೆ ನಡೆಸಿ, 1933ರಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಗಿಡದ ಕುಲನಾಮದಿಂದಲೇ ಆ ವಸ್ತುವಿಗೆ ಸೋರಾಲೆನ್ ಎಂಬ ಹೆಸರು ಬಂತು. ಅದರ ಜೊತೆಗಿದ್ದ ಐಸೋಸೋರಾಲೆನ್ ಅನ್ನು ಇಂದು ಆಂಜೆಲಿಸಿನ್ ಎಂದೂ ಕರೆಯುತ್ತಾರೆ. ಮಂಜುನಾಥ್ ಮುಂದೆ ‘ದಿ ವೆಲ್ತ್ ಆಫ್ ಇಂಡಿಯಾ’ ಎಂಬ ನಿಘಂಟು ಮಾದರಿಯ ಬೃಹತ್ ಗ್ರಂಥಮಾಲೆಯ ಮೊದಲ ಸಂಪುಟದ ಸಂಪಾದಕರಾದರು. ಚರ್ಮರೋಗ ವಿಜ್ಞಾನದ ಪಠ್ಯಗಳಲ್ಲಿ ಸೋರಾಲೆನ್ ಪ್ರತಿ ಪುಟದಲ್ಲೂ ಕಾಣಿಸಿದರೂ ಬೆಂಗಳೂರಿನ ಈ ಕೆಲಸದ ಉಲ್ಲೇಖ ಅಪರೂಪ.

ಸೋರಾಲೆನ್ ಅಣು ಚಪ್ಪಟೆಯಾಗಿರುವುದರಿಂದ ಡಿಎನ್‌ಎ ಎಳೆಗಳ ನಡುವೆ ನುಸುಳಿ ಕೂರುತ್ತದೆ. 320ರಿಂದ 400 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಕಿರಣ ಬಿದ್ದಾಗ ಎರಡೂ ಎಳೆಗಳ ಪಿರಿಮಿಡಿನ್ ಘಟಕಗಳನ್ನು ಅದು ಬೆಸೆಯುತ್ತದೆ. 1940ರ ದಶಕದಲ್ಲಿ ಈಜಿಪ್ಟಿನ ಎಲ್ ಮೊಫ್ತಿ ಆಮಿ ಮೇಜಸ್ ಎಂಬ ಗಿಡದ ಸೋರಾಲೆನ್‌ಗಳನ್ನು ತೊನ್ನಿನ ರೋಗಿಗಳಿಗೆ ಕೊಟ್ಟರು. 1974ರಲ್ಲಿ ಅಮೆರಿಕದ ಪ್ಯಾರಿಷ್, ಫಿಟ್ಜ್‌ಪ್ಯಾಟ್ರಿಕ್ ಮತ್ತು ಸಂಗಡಿಗರು 8-ಮೀಥಾಕ್ಸಿಸೋರಾಲೆನ್ ಜೊತೆಗೆ ಅಳತೆಯ ಕಿರಣವನ್ನು ಸೋರಿಯಾಸಿಸ್ ಚಿಕಿತ್ಸೆಗೆ ಬಳಸಿದ ಫಲಿತಾಂಶ ಪ್ರಕಟಿಸಿದರು. ಪುವಾ ಎಂದು ಹೆಸರಾದ ಈ ಚಿಕಿತ್ಸೆಯಲ್ಲಿ ಔಷಧಕ್ಕಿಂತ ಕಿರಣದ ಅಳತೆಯೇ ಮುಖ್ಯ. ಬಾವಂಚಿ ಎಣ್ಣೆಯನ್ನು ಮನೆಯಲ್ಲಿ ಹಚ್ಚಿಕೊಂಡು ಕಲಬುರಗಿಯ ಬೇಸಿಗೆಯ ಬಿಸಿಲಿನಲ್ಲಿ ನಿಂತರೆ ಆ ಅಳತೆ ಯಾರ ಕೈಯಲ್ಲೂ ಇರುವುದಿಲ್ಲ. ಬೊಬ್ಬೆ, ಸುಟ್ಟಗಾಯ ಮತ್ತು ಅನಂತರ ಉಳಿಯುವ ಕಪ್ಪು ಕಲೆ ಸಾಮಾನ್ಯ. ಬೀಜವನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.

ಆಳಂದ, ಅಫಜಲಪುರ ಮತ್ತು ಜೇವರ್ಗಿ ಪ್ರದೇಶದ ಸಸ್ಯಗಳು

ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳು ಭೀಮಾ ನದಿಯ ಜಲಾನಯನಕ್ಕೆ ಸೇರಿದ, ಬಹುಪಾಲು ಕಪ್ಪು ಮಣ್ಣಿನ, ಮಳೆಯಾಶ್ರಿತ ತೊಗರಿ ಮತ್ತು ಜೋಳದ ಸೀಮೆ. ದಟ್ಟ ಕಾಡಿಲ್ಲ. ಇಲ್ಲಿನ ಔಷಧಿ ಸಸ್ಯಗಳು ಬದು, ಹಳ್ಳದ ದಂಡೆ, ಗೋಮಾಳ ಮತ್ತು ಗುಡಿಯ ಆವರಣಗಳಲ್ಲಿ ಕಾಣಸಿಗುವಂಥವು.

ಶಿವಾಲಯಗಳ ಬಳಿ ಬೆಳೆಸುವ ಬಿಲ್ವದ ಮರ ಕೂಮರಿನ್‌ಗಳ ದೃಷ್ಟಿಯಿಂದ ಅತ್ಯಂತ ಸಮೃದ್ಧ. ಕಾಯಿಯಲ್ಲಿರುವ ಮಾರ್ಮೆಲೋಸಿನ್ ಎಂಬುದು ಇಂಪೆರಟೋರಿನ್‌ನ ಇನ್ನೊಂದು ಹೆಸರೆಂದು ಮುಂದೆ ಸ್ಪಷ್ಟವಾಯಿತು. ಬೇರು ಮತ್ತು ತೊಗಟೆಗಳಲ್ಲಿ ಅಂಬೆಲಿಫೆರೋನ್, ಸ್ಕೋಪೊಲೆಟಿನ್, ಮಾರ್ಮೆಸಿನ್ ಮತ್ತು ಮಾರ್ಮಿನ್‌ಗಳಿವೆ. ಹಣ್ಣು, ಎಲೆ, ಬೇರುಗಳ ಘಟಕಗಳು ಬೇರೆ ಬೇರೆಯಾಗಿರುವುದರಿಂದ ‘ಬಿಲ್ವದ ಸಾರ’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಸೇರಿಸುವಂತಿಲ್ಲ.

ಕಾಲುವೆ ಮತ್ತು ಜೌಗಿನ ಅಂಚಿನಲ್ಲಿ ಬಿಳಿ ಹೂ ಬಿಡುವ ಗರುಗ ಅಥವಾ ಭೃಂಗರಾಜದಲ್ಲಿ ವೆಡೆಲೋಲ್ಯಾಕ್ಟೋನ್ ಇದೆ. ತಲೆಗೂದಲಿನ ಎಣ್ಣೆಗೆ ಹೆಸರಾದ ಈ ಸೊಪ್ಪನ್ನು ಕಾಮಾಲೆಗೂ ಬಳಸುವ ರೂಢಿಯಿದೆ. ವೆಡೆಲೋಲ್ಯಾಕ್ಟೋನ್ 5-ಲಿಪಾಕ್ಸಿಜನೇಸ್ ಕಿಣ್ವವನ್ನು ತಡೆಯುತ್ತದೆಂದು 1980ರ ದಶಕದಲ್ಲಿಯೇ ತೋರಿಸಲಾಗಿತ್ತು. ಉರಿಯೂತದ ವಂಶವಾಹಿಗಳನ್ನು ಎಚ್ಚರಿಸುವ ಐಕೆಕೆ ಕಿಣ್ವವನ್ನೂ ಅದು ತಡೆಯುತ್ತದೆಂಬುದು 2004ರಲ್ಲಿ ವರದಿಯಾಯಿತು.

ಮಳೆಗಾಲದ ಅನಂತರ ಹುಲ್ಲುಗಾವಲಿನಲ್ಲಿ ನೀಲಿ ಹೂವಿನಿಂದ ಗುರುತಾಗುವ ವಿಷ್ಣುಕ್ರಾಂತಿಯಲ್ಲಿ ಸ್ಕೋಪೊಲೆಟಿನ್, ಅದರ ಗ್ಲೂಕೋಸೈಡ್ ಆದ ಸ್ಕೋಪೊಲಿನ್ ಮತ್ತು ಅಂಬೆಲಿಫೆರೋನ್ ದೊರೆತಿವೆ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮಾ-ಅಮರ್ಜಾ ಸಂಗಮದ ಔದುಂಬರ ವೃಕ್ಷವು ದತ್ತ ಭಕ್ತರಿಗೆ ಪೂಜ್ಯವಾದುದು. ಔದುಂಬರ ಎಂದರೆ ಅತ್ತಿ ಮರ. ಅತ್ತಿಯ ತೊಗಟೆಯಲ್ಲಿ ಬರ್ಜೆನಿನ್ ಎಂಬ ವಸ್ತುವಿದೆ. ಅದು ಕಟ್ಟುನಿಟ್ಟಾಗಿ ಹೇಳುವುದಾದರೆ ಕೂಮರಿನ್ ಅಲ್ಲ, ಐಸೋಕೂಮರಿನ್. ಉಂಗುರದಲ್ಲಿ ಆಮ್ಲಜನಕದ ಸ್ಥಾನ ಬದಲಾಗಿರುತ್ತದೆ. ಹೆಸರುಗಳ ಹೋಲಿಕೆಯಿಂದ ಬರ್ಜೆನಿನ್ ಮತ್ತು ಬರ್ಗಾಪ್ಟೆನ್‌ಗಳನ್ನು ಒಂದೇ ಎಂದುಕೊಳ್ಳುವ ತಪ್ಪು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಆಗಾಗ ಕಾಣುತ್ತದೆ.

ಭೀಮೆಯ ಆಚೆ ದಂಡೆಯ ಇಂಡಿ ಸೀಮೆ ನಿಂಬೆಗೆ ಪ್ರಸಿದ್ಧ. ನಿಂಬೆಯ ಸಿಪ್ಪೆಯಲ್ಲಿ ಬರ್ಗಾಪ್ಟೆನ್ ಮತ್ತು ಲಿಮೆಟಿನ್‌ಗಳಿವೆ. ಸಿಪ್ಪೆಯ ರಸ ಕೈಗೆ ತಗುಲಿ ತೊಳೆಯದೆ ಬಿಸಿಲಿಗೆ ಹೋದರೆ ಚರ್ಮದ ಮೇಲೆ ಹರಿದ ಆಕಾರದ ಕಂದು ಕಲೆಗಳು ಮೂಡುವುದಕ್ಕೆ ಇದೇ ಕಾರಣ.

ಉತ್ಕರ್ಷಣ ನಿರೋಧಕ ಗುಣ

ಉಸಿರಾಟ ಮತ್ತು ಸೋಂಕಿನ ಸಂದರ್ಭಗಳಲ್ಲಿ ಜೀವಕೋಶಗಳಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊಂದಿದ ಚುರುಕು ಕಣಗಳು ಉಂಟಾಗುತ್ತವೆ. ಇವನ್ನು ಮುಕ್ತ ರ‍್ಯಾಡಿಕಲ್‌ಗಳು ಎನ್ನುತ್ತಾರೆ. ಫೀನಾಲಿಕ್ ಹೈಡ್ರಾಕ್ಸಿಲ್ ಗುಂಪಿರುವ ಅಣು ತನ್ನ ಜಲಜನಕವನ್ನು ಕೊಟ್ಟು ಈ ಕಣವನ್ನು ತಣಿಸಬಲ್ಲದು. ಮೂಲ ಕೂಮರಿನ್‌ನಲ್ಲಿ ಅಂಥ ಗುಂಪೇ ಇಲ್ಲ. ಆದ್ದರಿಂದ ಅದರ ಈ ಗುಣ ತೀರ ದುರ್ಬಲ. ಒಂದೇ ಹೈಡ್ರಾಕ್ಸಿಲ್ ಇರುವ ಅಂಬೆಲಿಫೆರೋನ್ ಕೂಡ ಹೇಳಿಕೊಳ್ಳುವಷ್ಟು ಪ್ರಬಲವಲ್ಲ. 6 ಮತ್ತು 7ನೆಯ ಸ್ಥಾನಗಳಲ್ಲಿ ಅಕ್ಕಪಕ್ಕ ಎರಡು ಹೈಡ್ರಾಕ್ಸಿಲ್ ಇರುವ ಎಸ್ಕ್ಯುಲೆಟಿನ್, 7 ಮತ್ತು 8ರಲ್ಲಿ ಇರುವ ಡಾಫ್ನೆಟಿನ್ ಬಹಳ ಪ್ರಬಲವಾದವು. ಜಲಜನಕ ಕಳೆದುಕೊಂಡ ಮೇಲೂ ಪಕ್ಕದ ಗುಂಪಿನ ಆಸರೆಯಿಂದ ಅಣು ಸ್ಥಿರವಾಗಿ ನಿಲ್ಲುವುದು ಇದಕ್ಕೆ ಕಾರಣ. ಇಂಥ ಜೋಡಿ ಗುಂಪು ಕಬ್ಬಿಣದ ಅಯಾನುಗಳನ್ನೂ ಹಿಡಿದಿಡುತ್ತದೆ. ಒಂದು ಹೈಡ್ರಾಕ್ಸಿಲ್‌ಗೆ ಮೀಥೈಲ್ ಸೇರಿ ಎಸ್ಕ್ಯುಲೆಟಿನ್ ಸ್ಕೋಪೊಲೆಟಿನ್ ಆದಾಗ ಶಕ್ತಿ ಗಣನೀಯವಾಗಿ ಇಳಿಯುತ್ತದೆ.

ಪ್ರಯೋಗಾಲಯದಲ್ಲಿ ಇದನ್ನು ಅಳೆಯಲು ಡಿಪಿಪಿಎಚ್ ವಿಧಾನ ಹೆಚ್ಚು ಬಳಕೆಯಲ್ಲಿದೆ. 1958ರಲ್ಲಿ ಬ್ಲೋಯಿಸ್ ವಿವರಿಸಿದ ಈ ವಿಧಾನದಲ್ಲಿ ನೇರಳೆ ಬಣ್ಣದ ಸ್ಥಿರ ರ‍್ಯಾಡಿಕಲ್ ದ್ರಾವಣಕ್ಕೆ ಸಸ್ಯಸಾರ ಬೆರೆಸಿ, 517 ನ್ಯಾನೋಮೀಟರ್‌ನಲ್ಲಿ ಬಣ್ಣ ಎಷ್ಟು ಇಳಿಯಿತೆಂದು ನೋಡುತ್ತಾರೆ. ಹೋಲಿಕೆಗೆ ಆಸ್ಕಾರ್ಬಿಕ್ ಆಮ್ಲವನ್ನು ಇಟ್ಟುಕೊಳ್ಳುತ್ತಾರೆ. ವಿಧಾನ ಅಗ್ಗ ಮತ್ತು ಸುಲಭ. ಅದೇ ಅದರ ತೊಂದರೆಯೂ ಹೌದು. ಡಿಪಿಪಿಎಚ್ ದೇಹದಲ್ಲಿ ಇರುವ ವಸ್ತುವಲ್ಲ. ಎಲೆಯ ಸಾರದಲ್ಲಿ ಟ್ಯಾನಿನ್ ಮತ್ತು ಫ್ಲೇವನಾಯ್ಡ್‌ಗಳೂ ಇರುವುದರಿಂದ ಬಣ್ಣ ಇಳಿದದ್ದು ಕೂಮರಿನ್‌ನಿಂದಲೇ ಎಂದು ಹೇಳಲು ಆ ವಸ್ತುವನ್ನು ಬೇರ್ಪಡಿಸಿ ಪರೀಕ್ಷಿಸಬೇಕು. ನುಂಗಿದ ಮೇಲೆ ರಕ್ತದಲ್ಲಿ ಅದು ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಗೂ ಗಾಜಿನ ನಳಿಕೆಯಲ್ಲಿ ಉತ್ತರವಿಲ್ಲ.

ಉರಿಯೂತ ಶಾಮಕ ಗುಣ

ಗಾಯ ಅಥವಾ ಸೋಂಕಾದಾಗ ಕೋಶಪೊರೆಯಿಂದ ಅರಾಕಿಡೋನಿಕ್ ಆಮ್ಲ ಬಿಡುಗಡೆಯಾಗುತ್ತದೆ. ಅದರ ಮುಂದೆ ಎರಡು ಹಾದಿಗಳಿವೆ. ಸೈಕ್ಲೋಆಕ್ಸಿಜನೇಸ್ ಕಿಣ್ವದ ಹಾದಿಯಲ್ಲಿ ನೋವು-ಬಾವುಗಳಿಗೆ ಕಾರಣವಾದ ಪ್ರೋಸ್ಟಗ್ಲಾಂಡಿನ್‌ಗಳೂ, ಲಿಪಾಕ್ಸಿಜನೇಸ್ ಹಾದಿಯಲ್ಲಿ ಲ್ಯೂಕೋಟ್ರೀನ್‌ಗಳೂ ಉಂಟಾಗುತ್ತವೆ. ಆಸ್ಪಿರಿನ್, ಡೈಕ್ಲೋಫೆನಾಕ್‌ಗಳು ಮೊದಲನೆಯ ಹಾದಿಯನ್ನು ಮುಚ್ಚುತ್ತವೆ. ಎಸ್ಕ್ಯುಲೆಟಿನ್ ಮುಖ್ಯವಾಗಿ ಎರಡನೆಯದನ್ನು ತಡೆಯುತ್ತದೆ. ಆಂಜೆಲಿಕಾ ಮತ್ತು ನಿಡಿಯಮ್ ಜಾತಿಯ ಗಿಡಗಳ ಆಸ್ತೋಲ್, ಬಿಲ್ವದ ಇಂಪೆರಟೋರಿನ್ ಮುಂತಾದವು ಎನ್‌ಎಫ್-ಕಪ್ಪಾ ಬಿ ಎಂಬ ನಿಯಂತ್ರಕ ಪ್ರೋಟೀನ್‌ನ ಚಟುವಟಿಕೆ ಇಳಿಸುವುದನ್ನು ಕೋಶಸಂವರ್ಧನೆಗಳಲ್ಲಿ ಗಮನಿಸಲಾಗಿದೆ.

ಪ್ರಾಣಿಗಳಲ್ಲಿ ಪರೀಕ್ಷಿಸಲು 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ರೂಪಿಸಿದ ಕ್ಯಾರಗಿನನ್ ವಿಧಾನವೇ ಇಂದಿಗೂ ಮೊದಲ ಮೆಟ್ಟಿಲು. ಕಡಲಪಾಚಿಯಿಂದ ತೆಗೆದ ಈ ವಸ್ತುವನ್ನು ಇಲಿಯ ಪಾದಕ್ಕೆ ಚುಚ್ಚಿ, ಕೆಲವು ಗಂಟೆಗಳ ಕಾಲ ಬಾವಿನ ಗಾತ್ರ ಅಳೆಯುತ್ತಾರೆ. ಇದು ಅಲ್ಪಕಾಲದ ಬಾವಿನ ಮಾದರಿ ಮಾತ್ರ. ಸಂಧಿವಾತದಂಥ ವರ್ಷಗಟ್ಟಲೆಯ ಉರಿಯೂತಕ್ಕೆ ಇದರ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು.

ಆನೆಕಾಲು ರೋಗ ಮತ್ತು ಕೂಮರಿನ್

ಕಲಬುರಗಿ ಜಿಲ್ಲೆ ಕರ್ನಾಟಕದ ಆನೆಕಾಲು ರೋಗಪೀಡಿತ ಜಿಲ್ಲೆಗಳಲ್ಲಿ ಒಂದು. ಕ್ಯೂಲೆಕ್ಸ್ ಸೊಳ್ಳೆಯಿಂದ ಹರಡುವ ವುಚೆರೇರಿಯ ಬ್ಯಾಂಕ್ರಾಫ್ಟಿ ಎಂಬ ದಾರದಂಥ ಹುಳು ದುಗ್ಧನಾಳಗಳನ್ನು ಹಾಳುಮಾಡುತ್ತದೆ. ಸಾಮೂಹಿಕವಾಗಿ ನುಂಗಿಸುವ ಡಿಇಸಿ ಮತ್ತು ಆಲ್ಬೆಂಡಜೋಲ್ ಮಾತ್ರೆಗಳು ರೋಗ ಹರಡುವುದನ್ನು ತಡೆಯುತ್ತವೆ. ಆದರೆ ಈಗಾಗಲೇ ಊದಿ ಗಟ್ಟಿಯಾದ ಕಾಲನ್ನು ಮೊದಲಿನಂತೆ ಮಾಡುವುದಿಲ್ಲ. ಕೂಮರಿನ್‌ನ ಕಥೆ ಇಲ್ಲಿಯೇ ಬಂದು ಸೇರುತ್ತದೆ.

ಆಸ್ಟ್ರೇಲಿಯಾದ ಜಾನ್ ಕ್ಯಾಸ್ಲಿ-ಸ್ಮಿತ್ ಮತ್ತು ಸಂಗಡಿಗರು, ಕೂಮರಿನ್ ನುಂಗಿದಾಗ ಮ್ಯಾಕ್ರೋಫೇಜ್ ಕೋಶಗಳು ಚುರುಕಾಗಿ, ಅಂಗಾಂಶದಲ್ಲಿ ನಿಂತ ಪ್ರೋಟೀನನ್ನು ಒಡೆದು ಬಾವನ್ನು ಇಳಿಸುತ್ತವೆಂದು ಪ್ರತಿಪಾದಿಸಿದರು. 1993ರಲ್ಲಿ ಅವರ ಉತ್ತೇಜಕ ಫಲಿತಾಂಶಗಳು ಪ್ರಸಿದ್ಧ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾದವು. ಅವುಗಳಲ್ಲಿ ಒಂದು, ಚೀನಾದ ಸಹೋದ್ಯೋಗಿಗಳೊಂದಿಗೆ ಆನೆಕಾಲು ರೋಗಿಗಳ ಮೇಲೆ ನಡೆಸಿದ್ದು. ಬಾವು ನಿಧಾನವಾಗಿ, ತಿಂಗಳುಗಟ್ಟಲೆ ಔಷಧ ಸೇವಿಸಿದ ಮೇಲೆ ಇಳಿಯುತ್ತದೆ ಎಂಬುದು ಅವರ ವಾದ. ಆದರೆ ಆಸ್ಟ್ರೇಲಿಯಾದಲ್ಲಿ ಯಕೃತ್ತಿನ ಹಾನಿಯ ಪ್ರಕರಣಗಳು ಕಂಡುಬಂದು 1996ರಲ್ಲಿ ಔಷಧವನ್ನು ಹಿಂತೆಗೆದುಕೊಳ್ಳಲಾಯಿತು. 1999ರಲ್ಲಿ ಲೊಪ್ರಿಂಜಿ ಮತ್ತು ಸಂಗಡಿಗರು ಸ್ತನ ಕ್ಯಾನ್ಸರ್ ಚಿಕಿತ್ಸೆಯ ಅನಂತರ ತೋಳು ಊದಿದ 140 ಮಹಿಳೆಯರಲ್ಲಿ, ದಿನಕ್ಕೆ ಎರಡು ಬಾರಿ 200 ಮಿಲಿಗ್ರಾಂ ಕೂಮರಿನ್ ಕೊಟ್ಟು ಪರೀಕ್ಷಿಸಿದಾಗ ಯಾವ ಪ್ರಯೋಜನವೂ ಕಾಣಲಿಲ್ಲ. ಶೇಕಡ 6ರಷ್ಟು ಮಹಿಳೆಯರ ರಕ್ತಪರೀಕ್ಷೆಯಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ಸೂಚನೆ ಕಂಡಿತು.

ಆನೆಕಾಲಿಗೆ ಗಿಡಮೂಲಿಕೆಯ ಕೂಮರಿನ್ ಎಂದು ಮಾರುವ ಯಾವುದೇ ಪುಡಿ ಅಥವಾ ಮಾತ್ರೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕಾಲನ್ನು ದಿನವೂ ಸೋಪು-ನೀರಿನಿಂದ ತೊಳೆದು ಒರೆಸುವುದು, ಬೆರಳ ಸಂದಿಯ ಗಾಯಗಳಿಗೆ ಕೂಡಲೇ ಔಷಧ ಹಚ್ಚುವುದು, ಕಾಲನ್ನು ಎತ್ತರಿಸಿ ಇಡುವುದು ಮತ್ತು ವ್ಯಾಯಾಮ ಮಾಡುವುದು ಈಗಲೂ ಶಿಫಾರಸಿನಲ್ಲಿರುವ ಆರೈಕೆ. ಪದೇ ಪದೇ ಬರುವ ಜ್ವರ-ಉರಿಯ ಸರಣಿಯನ್ನು ಇದು ಕಡಿಮೆ ಮಾಡುತ್ತದೆ.

ಸುರಕ್ಷತೆ

ಮನುಷ್ಯರಲ್ಲಿ ಕೂಮರಿನ್‌ನ ಹೆಚ್ಚಿನ ಪಾಲು ಸಿವೈಪಿ2ಎ6 ಎಂಬ ಯಕೃತ್ತಿನ ಕಿಣ್ವದಿಂದ ನಿರುಪದ್ರವಿಯಾದ 7-ಹೈಡ್ರಾಕ್ಸಿಕೂಮರಿನ್ ಆಗಿ ಮೂತ್ರದಲ್ಲಿ ಹೊರಹೋಗುತ್ತದೆ. ಇಲಿಗಳಲ್ಲಿ 3,4-ಎಪಾಕ್ಸೈಡ್ ಮೂಲಕ ಸಾಗುವ ಇನ್ನೊಂದು ಹಾದಿ ಪ್ರಧಾನವಾಗಿದ್ದು ಯಕೃತ್ತಿಗೆ ವಿಷವಾಗುತ್ತದೆ. ಆ ಕಿಣ್ವದ ಚಟುವಟಿಕೆ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬೇರೆಯಾಗಿರುವುದರಿಂದ ಯಾರಿಗೆ ಹಾನಿಯಾದೀತೆಂದು ಮೊದಲೇ ಹೇಳುವುದು ಕಷ್ಟ. ಅಮೆರಿಕದಲ್ಲಿ ಶುದ್ಧ ಕೂಮರಿನ್ ಅನ್ನು ಆಹಾರಕ್ಕೆ ಸೇರಿಸುವುದನ್ನು 1954ರಿಂದ ನಿಷೇಧಿಸಲಾಗಿದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.1 ಮಿಲಿಗ್ರಾಂ ಎಂಬ ಮಿತಿ ಹಾಕಿದೆ. 60 ಕಿಲೋ ತೂಕದವರಿಗೆ ಇದು 6 ಮಿಲಿಗ್ರಾಂ.

ಅಡುಗೆಮನೆಯಲ್ಲಿ ಇದಕ್ಕೆ ನೇರ ಸಂಬಂಧವಿರುವುದು ಚಕ್ಕೆಗೆ. ದಪ್ಪ, ಒರಟು ಕ್ಯಾಸಿಯ ಚಕ್ಕೆಯ ಒಂದು ಗ್ರಾಂ ಪುಡಿಯಲ್ಲಿ ಸುಮಾರು 3 ಮಿಲಿಗ್ರಾಂ ಕೂಮರಿನ್ ಇರಬಹುದು. ತೆಳುವಾಗಿ ಸುರುಳಿ ಸುತ್ತಿದ ಸಿಂಹಳದ ದಾಲ್ಚಿನ್ನಿಯಲ್ಲಿ ಅದು ಅತ್ಯಲ್ಪ. ಪಲಾವಿಗೆ ಹಾಕುವ ಒಂದು ತುಂಡಿನಿಂದ ಆತಂಕವಿಲ್ಲ. ಸಕ್ಕರೆ ಕಾಯಿಲೆಗೆಂದು ದಿನವೂ ಚಮಚಗಟ್ಟಲೆ ಕ್ಯಾಸಿಯ ಪುಡಿ ತಿನ್ನುವವರ ಮಾತು ಬೇರೆ.

ರಕ್ತ ಹೆಪ್ಪುಗಟ್ಟುವಿಕೆಯೊಂದಿಗೆ ಸಂಬಂಧ

‘ಕೂಮರಿನ್ ಎಂದರೆ ರಕ್ತ ತೆಳುಮಾಡುವ ಔಷಧ’ ಎಂಬ ತಿಳಿವಳಿಕೆ ವ್ಯಾಪಕವಾಗಿದೆ, ಆದರೆ ಅರ್ಧ ಮಾತ್ರ ಸರಿ. 1920ರ ದಶಕದಲ್ಲಿ ಕೆನಡ ಮತ್ತು ಉತ್ತರ ಅಮೆರಿಕದಲ್ಲಿ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತಸ್ರಾವದಿಂದ ಸಾಯತೊಡಗಿದವು. ಮೇವಿನ ಘಟಕಗಳನ್ನು ಶಿಲೀಂಧ್ರಗಳು ಡೈಕೂಮರಾಲ್ ಆಗಿ ಮಾರ್ಪಡಿಸಿದ್ದವು. ವಿಸ್ಕಾನ್ಸಿನ್‌ನ ಕಾರ್ಲ್ ಪಾಲ್ ಲಿಂಕ್ ಅವರ ತಂಡ 1940ರ ವೇಳೆಗೆ ಇದನ್ನು ಗುರುತಿಸಿತು. ಇದರಿಂದ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿಯೂ 1954ರಲ್ಲಿ ಮನುಷ್ಯರ ಔಷಧವಾಗಿಯೂ ಬಳಕೆಗೆ ಬಂತು. ಇದೇ ಗುಂಪಿನ ಅಸೆನೋಕೂಮರಾಲ್ ಭಾರತದಲ್ಲಿ ಕೃತಕ ಹೃದಯ ಕವಾಟ ಹೊಂದಿದವರಿಗೆ ಹೆಚ್ಚಾಗಿ ಕೊಡುವ ಮಾತ್ರೆ. ಇವು ವಿಟಮಿನ್ ಕೆ ಮರುಬಳಕೆಯನ್ನು ತಡೆಯುತ್ತವೆ. ಅದಕ್ಕೆ 4ನೆಯ ಸ್ಥಾನದ ಹೈಡ್ರಾಕ್ಸಿಲ್ ಮತ್ತು 3ನೆಯ ಸ್ಥಾನದಲ್ಲಿ ತಕ್ಕ ಗುಂಪು ಬೇಕು. ಬಿಲ್ವದ ಅಂಬೆಲಿಫೆರೋನ್‌ಗಾಗಲಿ ವಿಷ್ಣುಕ್ರಾಂತಿಯ ಸ್ಕೋಪೊಲೆಟಿನ್‌ಗಾಗಲಿ ಈ ರಚನೆಯಿಲ್ಲ.

ಹಾಗೆಂದು ಈ ಮಾತ್ರೆ ಸೇವಿಸುವವರು ಗಿಡಮೂಲಿಕೆಗಳನ್ನು ನಿರ್ಭಯವಾಗಿ ತೆಗೆದುಕೊಳ್ಳಬಹುದೆಂದಲ್ಲ. ಫ್ಯುರನೋಕೂಮರಿನ್‌ಗಳು ಔಷಧಗಳನ್ನು ಒಡೆಯುವ ಯಕೃತ್ತಿನ ಮತ್ತು ಕರುಳಿನ ಕಿಣ್ವಗಳನ್ನು ತಡೆಯುತ್ತವೆ. ಗ್ರೇಪ್‌ಫ್ರೂಟ್ ಹಣ್ಣಿನ ಬರ್ಗಮೊಟಿನ್ ಸಿವೈಪಿ3ಎ4 ಕಿಣ್ವವನ್ನು ತಡೆದು, ಕೆಲವು ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಏರಿಸುವುದು ಇದಕ್ಕೆ ಪ್ರಸಿದ್ಧ ನಿದರ್ಶನ. ಅಸೆನೋಕೂಮರಾಲ್ ಅಥವಾ ವಾರ್ಫರಿನ್ ತೆಗೆದುಕೊಳ್ಳುವವರು ಯಾವುದೇ ಸಸ್ಯಸಾರವನ್ನು ಆರಂಭಿಸುವ ಮೊದಲು ವೈದ್ಯರಿಗೆ ತಿಳಿಸಿ, ಐಎನ್‌ಆರ್ ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕಾಗುತ್ತದೆ.